ಕಡೇ ಬಸ್ಸು ಮತ್ತು ಹುಲಿಗುಡ್ಡದ ಸರದಾರ

ಆ ವರ್ಷದ ಆಷಾಢದಲ್ಲಿ ಕುರುಗೋಡಿನ ಟೈಲರ್ ಗವಿಸಿದ್ದಪ್ಪ ಒಂದು ಘನಘೋರ ಪ್ರತಿಜ್ಞೆ ಮಾಡಿದ. ‘ಮತ್ತೆ ಬಂದ ಹುಲಿಗುಡ್ಡದ ಸರದಾರ’ ಪಿಚ್ಚರು ಬಳ್ಳಾರಿಗೆ ಬಂದ ಮೊದಲ ಭಾನುವಾರವೇ ಹೆಂಡತಿ ಗುರುಬಸಮ್ಮನನ್ನೂ ಸಿರುಗುಪ್ಪದಲ್ಲಿರುವ ಅವಳ ಅಣ್ಣ ಕಾಡಸಿದ್ದಪ್ಪನನ್ನೂ ಮ್ಯಾಟ್ನಿಗೆ ಕರೆದೊಯ್ಯುವುದು, ಕುರ್ಚಿ ಕ್ಲಾಸಿನಲ್ಲೇ ಕೂಡಿಸುವುದು, ಇಬ್ಬರ ನಡುವೆ ತಾನು ಕೂತು ತಿಳಿಯದ ಕಡೆಯೆಲ್ಲ ತಿಳಿಸಿ ಹೇಳುವುದು! ಹೇಳುವ ಹಕ್ಕು ಅವನಿಗಿಲ್ಲದೆ ಇನ್ನಾರಿಗಿದೆ? ಹತ್ತು ವರ್ಷದ ಹಿಂದೆ ಮೊದಲನೆಯ ‘ಹುಲಿಗುಡ್ಡದ ಸರದಾರ’ ಬಂದಾಗ ಅದನ್ನು ಅವನು ಮೂರು ಸಲ ನೋಡಿದ್ದ. ಅಲ್ಲಿಂದಾಚೆಗೆ ಎಷ್ಟು ಸಲ ಬೇರೆಯವರಿಗೆ ಹೇಳಿದ್ದನೋ ಅವನಿಗೇ ಗೊತ್ತಿಲ್ಲ.

ಹೇಳುವುದೂ ಎಂಥದ್ದು! ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಮಿಷನ್ ತುಳಿಯುತ್ತ ಕಥೆ ಹೇಳಿದರೆ ಗುರುಬಸಮ್ಮ ಪಕ್ಕದಲ್ಲಿ ಕಾಜಾ ಹೊಲಿಯುತ್ತ ಕೇಳುತ್ತಿದ್ದಳು. ಸರದಾರನ ಕುದುರೆ ಓಡಿದರೆ ಮಿಷನ್ನೂ ಓಡುತ್ತಿತ್ತು. ಕತ್ತಿ ಕಾಳಗದ ಹೊತ್ತಿಗೆ ಯಾರದೋ ಕುಪ್ಪಸದ ತೋಳು ಕೊರಳಿಗೆ ಹತ್ತಿಕೊಂಡು ಹೊಲಿದುಹೋಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯುವ ಕೆಲಸ ಗುರುಬಸಮ್ಮನದು. ಅವಳು ಬೈಯುತ್ತಿರಲಿಲ್ಲ, ಯಾಕೆಂದರೆ ಅವಳ ಜೀವವೆಲ್ಲ ಕಥೆಯ ಕೊನೆಯಲ್ಲಿತ್ತು. ಆಸ್ತಿಯ ಆಸೆಗೆ ತಮ್ಮನನ್ನು ಮನೆಯಿಂದ ಹೊರಗೆ ಹಾಕಿದ ಅಣ್ಣ, ಗುಡ್ಡ ಸೇರಿ ಸರದಾರನಾದ ತಮ್ಮ, ಇಬ್ಬರೂ ಗುಡ್ಡದ ನೆತ್ತಿಯಲ್ಲಿ ಎದುರಾಗಿ ಕತ್ತಿ ಎತ್ತುತ್ತಾರೆ. ಇಲ್ಲಿಗೆ ಮಿಷನ್ ಗಕ್ಕನೆ ನಿಲ್ಲುತ್ತಿತ್ತು. ಗವಿಸಿದ್ದಪ್ಪ ದನಿ ಇಳಿಸುತ್ತಿದ್ದ. ಅಣ್ಣ ಕತ್ತಿ ಬಿಸಾಡಿ “ತಮ್ಮಾ, ಹಸಿದಿರಬೇಕು ನೀನು” ಅನ್ನುತ್ತಾನೆ, ಇಬ್ಬರೂ ಒಂದೇ ಗಂಗಾಳದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಣ್ಣುತ್ತಾರೆ. ಗುಡ್ಡದ ನೆತ್ತಿಗೆ ಶೇಂಗಾ ಚಟ್ನಿಯನ್ನು ಯಾರು ತಂದರೆಂದು ಕುರುಗೋಡಿನಲ್ಲಿ ಯಾರೂ ಕೇಳಿರಲಿಲ್ಲ.

ಗುರುಬಸಮ್ಮ ಅಲ್ಲಿ ಪ್ರತಿಸಲವೂ ಅಳುತ್ತಿದ್ದಳು. ಅವಳ ಅಳುವಿಗೆ ಬೇರೆಯೇ ಕಾರಣವಿತ್ತು. ಕಾಡಸಿದ್ದಪ್ಪ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ತಂಗಿಯನ್ನು ತಾನೇ ಬಂದು ಕರೆಯದೆ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದ. ಒಡಹುಟ್ಟಿದವಳೇನು ಪಾರ್ಸಲ್ಲೇ? ಅವಳು ಹೋಗಲಿಲ್ಲ. ಬರಲಿಲ್ಲವೆಂದು ಅವನು ಸಿಟ್ಟಾದ. ಅಲ್ಲಿಗೆ ಮಾತು ನಿಂತು, ಪಂಚಮಿಗೆ ತವರಿನವರು ಬಂದು ಕರೆದೊಯ್ಯುವುದೂ ನಿಂತಿತು. ಓಣಿಯ ಹೆಂಗಸರೆಲ್ಲ ಅಣ್ಣಂದಿರ ಹಿಂದೆ ಚೀಲ ಹಿಡಿದು ಹೊರಟರೆ ಇವಳು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕಾಜಾ ಹೊಲಿಯುತ್ತಿದ್ದಳು.

ಹೋದ ವರ್ಷ ಎತ್ತು ಕೊಳ್ಳಲು ಕುರುಗೋಡಿಗೆ ಬಂದ ಕಾಡಸಿದ್ದಪ್ಪ ಬಿಸಿಲಿಗೆ ಟೈಲರ್ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಒಳಗೆ ಬರುವ ಮನಸ್ಸಿರಲಿಲ್ಲ, ಮುಂದೆ ಹೋಗುವ ಮನಸ್ಸೂ ಇರಲಿಲ್ಲ. ಒಳಗೆ ಕಥೆ ನಡೆದಿತ್ತು. ಗಂಗಾಳದ ಮಾತು ಬಂದಾಗ ಆ ಗಟ್ಟಿ ಆಳು ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದು, “ತಂಗೀ, ರೊಟ್ಟಿ ಐತೇನು ಮನ್ಯಾಗ?” ಅಂದ. ಆ ಪಂಚಮಿಗೆ ಗುರುಬಸಮ್ಮ ತವರಿಗೆ ಹೋದಳು. ಇಂಥ ಕಥೆಯ ಎರಡನೆಯ ಭಾಗ ಬಂದರೆ ಅಣ್ಣ ತಂಗಿಯನ್ನು ಒಟ್ಟಿಗೆ ಕರೆದೊಯ್ದು ತೋರಿಸದೆ ಇರುವುದುಂಟೆ?

ಭಾನುವಾರ ಬಂತು. ಗವಿಸಿದ್ದಪ್ಪ ಇಸ್ತ್ರಿ ಅಂಗಿ ತೊಟ್ಟ. ಬ್ರೂಸ್‌ಪೇಟೆಯಲ್ಲಿ ಮಂಡಾಳು ಮಿರ್ಚಿ ಕೊಡಿಸಿದ. ಟಾಕೀಸಿನಲ್ಲಿ ದೀಪ ಆರಿತು. ಹೊಸ ಕಥೆಗೆ ಮೊದಲು ಹಿಂದಿನ ಕಥೆಯ ಕೊನೆಯನ್ನು ಒಂದಿಷ್ಟು ತೋರಿಸಿದರು. ಗುಡ್ಡದ ನೆತ್ತಿ. ಅಣ್ಣ, ತಮ್ಮ. ಎತ್ತಿದ ಕತ್ತಿಗಳು. “ಈಗ ನೋಡ್ರಿ ಬಾವಾ, ಈಗ ಬಿಸಾಡ್ತಾನ” ಎಂದು ಗವಿಸಿದ್ದಪ್ಪ ಕಾಡಸಿದ್ದಪ್ಪನ ತೊಡೆ ತಟ್ಟಿದ. ಪರದೆಯ ಮೇಲಿನ ಅಣ್ಣ ಬಿಸಾಡಲಿಲ್ಲ. ತಮ್ಮ ಕತ್ತಿ ಕೆಳಗಿಟ್ಟು ಕಾಲಿಗೆ ಬಿದ್ದಾಗ ಅವನ ಬೆನ್ನಿಗೆ ಚುಚ್ಚಿ, ಒದ್ದು ಪ್ರಪಾತಕ್ಕೆ ಕೆಡವಿ ಗಹಗಹಿಸಿ ನಕ್ಕ.

ಗವಿಸಿದ್ದಪ್ಪ ಎದ್ದು ನಿಂತುಬಿಟ್ಟ. ಇದು ತಪ್ಪು ರೀಲು, ಬೇರೆ ಯಾವುದೋ ಪಿಚ್ಚರಿನದು ಹಾಕಿದ್ದಾರೆ ಎಂದು ಇಡೀ ಟಾಕೀಸಿಗೆ ಕೇಳುವಂತೆ ಸಾರಿದ. ಹಿಂದಿನವರು ಕೂಡಬೇಕೆಂದರು, ಮುಂದಿನವರು ಶಿಳ್ಳೆ ಹಾಕಿದರು, ಯಾರೋ ಶೇಂಗಾ ಸಿಪ್ಪೆ ಎಸೆದರು. ಅವನು ಹತ್ತು ವರ್ಷದ ಅಭಿಮಾನವನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಬಾಗಿಲಿಗೆ ನುಗ್ಗಿ, ಗೇಟು ಕಾಯುವ ಜಡೆಪ್ಪನನ್ನು ಹಿಡಿದುಕೊಂಡ. ಮೊದಲನೆಯದನ್ನು ಮೂರು ಸಲ ನೋಡಿದವನು ತಾನು, ತನಗೇ ಮೋಸವೇ ಎಂದು ಗದರಿದ. ಮುದುಕ ಜಡೆಪ್ಪ ಬ್ಯಾಟರಿ ಬೆಳಕು ಬಿಟ್ಟು ಅವನ ಮುಖ ನೋಡಿದ.

“ಯಾವೂರಾತ್ರಿ?”

“ಕುರುಗೋಡು.”

“ಹಂಗನ್ರಿ ಮತ್ತ. ಮುನ್ನೂರು ಸಲ ನೋಡಿದ್ರೂ ನಿಮಗ ಗೊತ್ತಾಗ್ತಿದ್ದಿಲ್ಲ. ಸಂಜಿ ಆಟದಾಗ ಇಬ್ರೂ ಕತ್ತಿ ಎತ್ತೋ ಹೊತ್ತಿಗೆ ನಿಮ್ಮೂರಿನ ಕಡೀ ಬಸ್ಸು. ಕುರುಗೋಡಿನವ್ರು ಒಬ್ರರ ಕೊನಿ ನೋಡಿದ್ದು ನಾ ಕಾಣೆ.”

ಗವಿಸಿದ್ದಪ್ಪ ಬಾಗಿಲ ಪರದೆ ಹಿಡಿದು ಹಾಗೇ ನಿಂತ. ಲೈನಿಂಗ್ ಬಟ್ಟೆ, ದಾರದ ಡಬ್ಬಿಗಳ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಕತ್ತಲಲ್ಲಿ ಮಂದಿಯ ಕಾಲು ತುಳಿಯುತ್ತ ಓಡಿದ್ದು ನೆನಪಾಯಿತು. ಮೂರು ಸಲವೂ ಓಡಿದ್ದ! ಬಸ್ಸಿನಲ್ಲಿ ಕುರುಗೋಡಿನವರೆಲ್ಲ ಮುಂದೆ ಏನಾಗಿರಬೇಕೆಂದು ಜಗಳಾಡಿದ್ದರು. ಮೊದಲ ಸಲ ಓಡಿ ಬಂದ ರಾತ್ರಿ ಅವನಿಗೆ ವಿಪರೀತ ಹಸಿವಾಗಿತ್ತು. ಊರು ಮುಟ್ಟುವಷ್ಟರಲ್ಲಿ ರೊಟ್ಟಿ, ಶೇಂಗಾ ಚಟ್ನಿಯೊಂದಿಗೆ ಕೊನೆ ತಯಾರಾಗಿತ್ತು. ಆಮೇಲೆ ಹೇಳುತ್ತ ಹೇಳುತ್ತ ಅದು ಕಣ್ಣಾರೆ ಕಂಡದ್ದೇ ಆಗಿಹೋಗಿತ್ತು.

ಒಳಗೆ ಹೋಗಿ ಕೂತ. ಎದ್ದು ಹೋಗೋಣವೆಂದರೆ ಇದು ಹಗಲಿನ ಮ್ಯಾಟ್ನಿ. ಕಡೇ ಬಸ್ಸಿನ ನೆಪವೂ ಇಲ್ಲ. ಮೊದಲ ಬಾರಿಗೆ ಕೊನೆಯವರೆಗೂ ನೋಡಬೇಕಾಯಿತು. ಪ್ರಪಾತದಲ್ಲಿ ಬದುಕುಳಿದ ತಮ್ಮ ಮೀಸೆ ಬೆಳೆಸಿಕೊಂಡು ಬಂದು ಅಣ್ಣನನ್ನು ಅದೇ ಗುಡ್ಡದಿಂದ ಕೆಡವಿದ. ಜನ ಕುಣಿದರು, ಕಾಸು ತೂರಿದರು. ಹೊಡೆದಾಟ ಹೆಚ್ಚಾಗಿತ್ತು, ಕುದುರೆಗಳು ಹೆಚ್ಚಾಗಿದ್ದವು, ಹುಲಿ ಕೂಡ ಒಂದರ ಜಾಗದಲ್ಲಿ ಎರಡಿದ್ದವು. ಆದರೂ ಮೊದಲನೆಯದರ ಕಾಲ ಧೂಳಿಗೂ ಇದು ಸಾಲದೆಂದು ಗವಿಸಿದ್ದಪ್ಪನಿಗೆ ಹೊಟ್ಟೆ ಉರಿಯಿತು. ಆ ಮೊದಲನೆಯದು ಇದ್ದದ್ದು ತನ್ನ ಮಿಷನ್ನಿನ ಮೇಲೆ ಮಾತ್ರ ಎಂಬುದು ನೆನಪಾಗಿ ಉರಿ ಇನ್ನೂ ಹೆಚ್ಚಿತು. ಪಕ್ಕದಲ್ಲಿ ಕಾಡಸಿದ್ದಪ್ಪ ಕೈಕಟ್ಟಿ ಅಲುಗದೆ ಕೂತಿದ್ದ. ಅಣ್ಣ ಸತ್ತದ್ದಕ್ಕೆ ಜನ ಕುಣಿಯುವುದನ್ನು ನೋಡುವುದು ಅಣ್ಣನಾದವನಿಗೆ ಸುಲಭವಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ಮೊದಲು ಬಂತು. ಕಾಡಸಿದ್ದಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

“ಆ ಗಂಗಾಳ, ರೊಟ್ಟಿ, ಅದು ಪಿಚ್ಚರಿನಾಗ ಇದ್ದೇ ಇಲ್ಲೇನ್ರಿ?”

“ಇದ್ದಿಲ್ರಿ ಬಾವಾ.”

“ನಾ ಆ ರೊಟ್ಟಿ ಮಾತಿಗೇ ಒಳಗ ಬಂದಿದ್ದೆ.”

ಹತ್ತಿ ಕೂತ. ಕಿಟಕಿಯಿಂದ ತಂಗಿಯ ಕಡೆ ನೋಡಲೂ ಇಲ್ಲ. ಗುರುಬಸಮ್ಮ ದಾರಿಯುದ್ದಕ್ಕೂ ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಂಗಡಿಯಲ್ಲಿ ಮಿಷನ್ ನಡೆಯಿತು, ಕಥೆ ನಿಂತಿತು. ಒಂದೆರಡು ಸಲ ಶುರು ಮಾಡಿ ನೋಡಿದ. ಗುಡ್ಡದ ನೆತ್ತಿಗೆ ಬರುವಷ್ಟರಲ್ಲಿ ಆ ಹಾಳು ಅಣ್ಣ ಗಹಗಹಿಸಿ ನಗುತ್ತಿದ್ದ. ಆ ತಿಂಗಳು ಗವಿಸಿದ್ದಪ್ಪನ ಹೊಲಿಗೆ ನೂಲು ಹಿಡಿದಷ್ಟು ನೆಟ್ಟಗಿತ್ತು, ಒಂದು ತೋಳೂ ತಪ್ಪಲಿಲ್ಲ. ಬಿಚ್ಚುವ ಕೆಲಸವಿಲ್ಲದೆ ಗುರುಬಸಮ್ಮ ಸುಮ್ಮನೆ ರಸ್ತೆ ನೋಡುತ್ತ ಕೂಡುತ್ತಿದ್ದಳು. ಒಳ್ಳೆಯ ಟೈಲರ್ ಆಗಿದ್ದಕ್ಕೆ ಅವನು ಅಷ್ಟು ಪಶ್ಚಾತ್ತಾಪ ಪಟ್ಟದ್ದು ಹಿಂದೆಂದೂ ಇಲ್ಲ.

ಶ್ರಾವಣ ಹಿಡಿಯಿತು. ಪಂಚಮಿ ಹತ್ತಿರ ಬಂತು. ಸಿರುಗುಪ್ಪದಿಂದ ಸುದ್ದಿಯಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಟರು. ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ಬೆಳಿಗ್ಗೆ, ಗವಿಸಿದ್ದಪ್ಪ ಮಿಷನ್ ತುಳಿಯುತ್ತಿದ್ದಾಗ, ಗುರುಬಸಮ್ಮ ಎದ್ದು ಬಾಗಿಲು ಮುಂದೆ ಮಾಡಲು ಹೋದಳು. ಹೊರಗಿನ ಬೆಂಚಿನ ಮೇಲೆ ಕಾಡಸಿದ್ದಪ್ಪ ಕೂತಿದ್ದ. ಯಾವಾಗ ಬಂದನೋ, ಎಷ್ಟು ಹೊತ್ತಿನಿಂದ ಕೂತಿದ್ದನೋ! ಯಾಕೆ ಒಳಗೆ ಬರಲಿಲ್ಲವೆಂದು ತಂಗಿ ಕೇಳಿದಳು.

“ಗವಿಸಿದ್ದಪ್ನೋರು ಹೇಳ್ತಾರಂತ ಕಾದೆ. ಮಿಷನ್ ಸಪ್ಪಳ ಬರಾಕಹತ್ತಿತ್ತು, ಕಥಿ ಬರ್ಲಿಲ್ಲ.”

ಗವಿಸಿದ್ದಪ್ಪ ತಲೆ ತಗ್ಗಿಸಿದ. ಅದು ಸುಳ್ಳು ಕಥೆ, ಇನ್ನು ತನ್ನ ಬಾಯಿಂದ ಬರುವುದಿಲ್ಲ, ತಪ್ಪಾಯಿತು ಎಂದು ತೊದಲಿದ. ಗುರುಬಸಮ್ಮ ಒಳಗೆ ಹೋಗಿ ರೊಟ್ಟಿ, ಶೇಂಗಾ ಚಟ್ನಿ ತಂದು ಅಣ್ಣನ ಮುಂದಿಟ್ಟಳು. ಒಂದೇ ಗಂಗಾಳ ತಂದಿದ್ದಳು. ಅಣ್ಣ ತಂಗಿ ಎದುರುಬದುರು ಕೂತು ಉಂಡರು. ಗವಿಸಿದ್ದಪ್ಪ ಮಿಷನ್ ನಿಲ್ಲಿಸಿ ನೋಡುತ್ತಿದ್ದ. ಹತ್ತು ವರ್ಷ ಹೇಳಿದ್ದನ್ನು ಅವತ್ತು ಮೊದಲ ಸಲ ಕಣ್ಣಾರೆ ಕಂಡ.

ಉಂಡು, ಚೀಲ ಹಿಡಿದು ಹೊರಟಾಗ ಕಾಡಸಿದ್ದಪ್ಪ ಬಾಗಿಲಲ್ಲಿ ನಿಂತು ಹೇಳಿದ: “ಮೂರನೇದೂ ಬರ್ತೈತಂತ್ರಿ. ನಾವು ಒಲ್ಲಿವಿ, ನೀವೊಬ್ರ ಹೋಗಿ ನೋಡಿ ಬಂದು ಹೇಳ್ರಿ. ಆದ್ರ ಮ್ಯಾಟ್ನಿಗೆ ಹೋಗಬ್ಯಾಡ್ರಿ ಮತ್ತ, ಕಡೀ ಬಸ್ಸಿಗೆ ಎದ್ದು ಬರ್ರಿ.”