ಮೊಂಡಣ್ಣನ ರಜೆ ಮತ್ತು ತಾನೇ ಓಡುವ ಟೆಸ್ಟು

ಮೊಂಡಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸಿನವರು ಕೊಟ್ಟ ಬಿರುದು. ಕಂಪನಿಗಳ ಹಾಜರಿ, ರಜೆ ನೋಡಿಕೊಳ್ಳುವ ಸಾಫ್ಟ್‌ವೇರ್ ತಯಾರಿಸುವ ಆಫೀಸು ಅದು. ಜಾವಾಸ್ಕ್ರಿಪ್ಟಿನಲ್ಲಿ ಯಾರು ಏನೇ ಕೋಡು ಗೀಚಲಿ, ಹೊರಗೆ ಕಳಿಸುವ ಮುನ್ನ ಬ್ರೌಸರ್ ತೆರೆದು, ಒಂದೊಂದೇ ಟೆಸ್ಟು ಓಡಿಸಿ, ಪಾಸಾಗಿ ಹಸಿರೋ, ತಪ್ಪು ಸಿಕ್ಕಿ ಕೆಂಪೋ ಎಂದು ಕಣ್ಣು ಕೀಲಿಸಿ ಕೂರುವ ಕರ್ಮ ಮಾತ್ರ ಇವನೊಬ್ಬನದು. ಈ ಕರ್ಮದ ದೆಸೆಯಿಂದ ಮಗಳ ಈಜು ಪಂದ್ಯ ಎರಡು ಸಲ ತಪ್ಪಿತ್ತು. ಮೂರನೆಯದು ನಾಳೆ.

"ಈ ಸಲವೂ ಬರದಿದ್ರೆ ಅವಳು ನಿಮ್ಮನ್ನ ಕರೆಯೋದೇ ಬಿಡ್ತಾಳೆ ನೋಡಿ," ಎಂದಿದ್ದಳು ಹೆಂಡತಿ. ಆ ಮಾತು ಅವನಿಗೆ ನಾಟಿತ್ತು.

ಬೆಳಿಗ್ಗೆ ಬಂದವನೇ, ಎಲ್ಲರ ಕೋಡನ್ನೂ ಜೋಡಿಸಿ ಸಾಫ್ಟ್‌ವೇರ್ ಕಟ್ಟಿಕೊಡುವ ಬಿಲ್ಡ್ ಟೂಲಿಗೆ ಪ್ಲಗಿನ್ ಎಂಬ ಒಂದು ಪುಟ್ಟ ಬಾಲಂಗೋಚಿ ಸಿಕ್ಕಿಸಿದ. ಇನ್ನು ಯಾರೇ ಬಿಲ್ಡ್ ಒತ್ತಲಿ, ಟೆಸ್ಟುಗಳೆಲ್ಲ ತಾವೇ ಓಡುತ್ತವೆ. ಒಂದು ಕೆಂಪಾದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಮ್ಯಾನೇಜರ್ ನಂಬಲಿಲ್ಲ. ಸಂಜೆ ಹೋಗಬೇಕಾದ ಸಾಫ್ಟ್‌ವೇರ್ ಈ ದಾರಿಯಲ್ಲೇ ಹೋದರೆ ನಾಳೆ ರಜೆ, ಇಲ್ಲದಿದ್ದರೆ ನಾಳೆಯೂ ಅದೇ ಬ್ರೌಸರ್ ಎಂದರು.

ಮಧ್ಯಾಹ್ನದೊಳಗೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಪಕ್ಕದ ಮೇಜಿನ ಅವಸರರಾಯ ಬಿಲ್ಡ್ ಒತ್ತಿದ, ಕೆಂಪು. ಕಿಟಕಿ ಹತ್ತಿರದವಳು ಒತ್ತಿದಳು, ಕೆಂಪು. ಎಲ್ಲರ ಹುಳುಕೂ ಹೊರಬಿತ್ತು. ಕೆಲವರು ಬೇಡಿಕೊಂಡರು, ಕೆಲವರು ಶಾಪ ಹಾಕಿದರು. ಅವಸರರಾಯನಂತೂ ತಾನೇ ಟೀ ತಂದಿಟ್ಟ.

"ಒಂದೇ ಒಂದು ಸಾಲು ಕಣೋ. ತೆಗೆದುಬಿಡು, ಪ್ಲಗಿನ್ ತೆಪ್ಪಗಾಗುತ್ತೆ."

"ಆಕಾಶ ತಲೆ ಮೇಲೆ ಬಿದ್ರೂ ತೆಗೆಯಲ್ಲ. ತಪ್ಪು ನಿಂದು, ನೀನೇ ತಿದ್ದು," ಎಂದ ಮೊಂಡಣ್ಣ. ಟೀ ಮಾತ್ರ ಕುಡಿದ.

ಬೇರೆ ದಾರಿ ಕಾಣದೆ ಎಲ್ಲರೂ ಗೊಣಗುತ್ತ ತಿದ್ದಿದರು. ಸಂಜೆಗೆ ಒಂದೇ ಒಂದು ಕೆಂಪು ಉಳಿಯಿತು. ಅದು ಮೊಂಡಣ್ಣನೇ ಬರೆದ ಕೋಡಿನದು!

ಅದನ್ನು ಹಿಡಿದದ್ದು, ಕೆಲಸ ಬಿಟ್ಟುಹೋದವರು ಯಾರೋ ಬರೆದಿಟ್ಟ ಹಳೆಯ ಟೆಸ್ಟು. ಮೊಂಡಣ್ಣ ದಿನವೂ ಬ್ರೌಸರಿನಲ್ಲಿ ತೆರೆಯುತ್ತಿದ್ದ ಟೆಸ್ಟುಗಳ ಪುಟಕ್ಕೆ ಅದನ್ನು ಯಾರೂ ಸೇರಿಸಿರಲಿಲ್ಲವಾದ್ದರಿಂದ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಪ್ಲಗಿನ್ ಮೂಲೆ ಮೂಲೆ ಕೆದಕಿ ಅದನ್ನೂ ಓಡಿಸಿತ್ತು. ಉಳಿದ ರಜೆಯ ಲೆಕ್ಕ ಹಾಕುವ ಮೊಂಡಣ್ಣನ ಕೋಡು, ಅರ್ಧ ದಿನದ ರಜೆಗಳನ್ನು ಕಳೆಯುವುದನ್ನೇ ಮರೆತಿತ್ತು.

ಅವಸರರಾಯನ ಮುಖ ಅರಳಿತು. "ಈಗ ತೆಗೀತೀಯೇನಪ್ಪಾ ಆ ಸಾಲು?"

"ಈಗಲೂ ತೆಗೆಯಲ್ಲ. ನನ್ನ ತಪ್ಪಾದ್ರೆ ನಾನೇ ತಿದ್ತೀನಿ."

ತಿದ್ದಿದ. ಒತ್ತಿದ. ಎಲ್ಲ ಹಸಿರು. ಸಾಫ್ಟ್‌ವೇರ್ ಹೊರಗೆ ಹೋಯಿತು. ಮ್ಯಾನೇಜರೇ ಎದ್ದು ಬಂದು ಬೆನ್ನು ತಟ್ಟಿ, ಈಗಲೇ ರಜೆ ಅರ್ಜಿ ಹಾಕು ಎಂದರು. ಗೆದ್ದ ಜಂಬದಲ್ಲಿ ಮೊಂಡಣ್ಣ ಮನೆಗೆ ಫೋನ್ ಮಾಡಿ, ಮಗಳನ್ನೇ ಕರೆದು, ನಾಳೆ ಮೊದಲ ಸಾಲಿನಲ್ಲೇ ಕೂರುತ್ತೇನೆ ಎಂದು ಮಾತು ಕೊಟ್ಟ. ಮಾತಾಡುತ್ತಲೇ ಅರ್ಜಿಯನ್ನೂ ಹಾಕಿದ.

ಆ ಆಫೀಸಿನವರ ರಜೆ ನೋಡಿಕೊಳ್ಳುತ್ತಿದ್ದುದೂ ಅದೇ ಸಾಫ್ಟ್‌ವೇರ್. ಮಗಳನ್ನು ಈಜು ಕಲಿಯಲು ಬಿಟ್ಟುಬರಲೆಂದು ಅವನು ವರ್ಷವಿಡೀ ಹಾಕಿದ್ದ ಅರ್ಧ ದಿನಗಳನ್ನು ಅದು ಚಾಚೂ ತಪ್ಪದೆ ಕಳೆಯಿತು. ಪರದೆಯ ಮೇಲೆ ಉತ್ತರ ಬಂತು: "ರಜೆ ಬಾಕಿ ಇಲ್ಲ. ಅರ್ಜಿ ತಿರಸ್ಕರಿಸಲಾಗಿದೆ."

ಪಾಪ, ಅವಸರರಾಯನಿಗೂ ನಗು ಬರಲಿಲ್ಲ. ಹಳೇ ಲೆಕ್ಕವನ್ನೇ ಮತ್ತೆ ಹಾಕಿಬಿಡೋಣವೇ ಎಂದು ಮೆಲ್ಲಗೆ ಕೇಳಿದ.

"ಮುಟ್ಟಬೇಡ. ಲೆಕ್ಕ ಸರಿಯಾಗಿದೆ," ಎಂದ ಮೊಂಡಣ್ಣ, ಹಲ್ಲು ಕಚ್ಚಿಕೊಂಡು.

ಫೋನಿನಲ್ಲಿ ಮಗಳು ಇನ್ನೂ ಕೇಳುತ್ತಲೇ ಇದ್ದಳು. "ಅಪ್ಪಾ, ನಾಳೆ ಎಷ್ಟು ಗಂಟೆಗೆ ಹೊರಡೋಣ?"