ಮಾಕಳಿಯ ಈಜುಕೊಳವೂ ನನ್ನ ಕ್ಲೋರಿನ್ನೂ

ನಮ್ಮ ಮನೆಯಲ್ಲಿ ಈಜುಕೊಳವಿದೆ ಎಂದರೆ ಪೀಣ್ಯದ ಫ್ಯಾಕ್ಟರಿಯ ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ. ನಂಬಿ ಮಾಕಳಿಯವರೆಗೆ ಬಂದವರು ಹಿತ್ತಲಲ್ಲಿ ನಿಂತು, "ಇದು ಪಂಪ್‌ಸೆಟ್ ತೊಟ್ಟಿ ಅಲ್ವಾ ಗುರು?" ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಾರೆ. ತೊಟ್ಟಿಯೇ, ಒಪ್ಪುತ್ತೇನೆ. ಸೊಪ್ಪಿನ ಮಡಿಗಳಿಗೆ ನೀರು ಬಿಡಲು ನಮ್ಮ ಮಾವನವರು ಕಟ್ಟಿಸಿದ್ದು. ಆದರೆ ಒಳಗೆಲ್ಲ ಹೊಸ ಗಾರೆ ಮಾಡಿಸಿ, ತಳಕ್ಕೆ ನೀಲಿ ಬಣ್ಣ ಬಳಿಸಿ, ಇಳಿಯಲು ಮೆಟ್ಟಿಲು ಕಟ್ಟಿಸಿದ ಮೇಲೂ ತೊಟ್ಟಿ ಎಂದರೆ ಮನುಷ್ಯನಿಗೆ ನೋವಾಗುವುದಿಲ್ಲವೇ?

ಇಷ್ಟನ್ನೂ ಮಾಡಿಸಿದ್ದು ಎಂಬತ್ತಮೂರರ ಬೇಸಿಗೆಯಲ್ಲಿ, ನನ್ನ ಹೆಂಡತಿ ಕೃಷ್ಣಮ್ಮನ ಮಂಡಿಗಾಗಿ. ಒಂದು ಕಾಲಕ್ಕೆ ತುಮಕೂರು ರಸ್ತೆಯಲ್ಲಿ ಹೊರಟ ಬಸ್ಸನ್ನು ಓಡಿ ಹಿಡಿದು, ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ನನಗಾಗಿ ನಿಲ್ಲಿಸುತ್ತಿದ್ದವಳು ಈಗ ಹೊಸಿಲು ದಾಟಲು ಬಾಗಿಲ ಚೌಕಟ್ಟು ಹಿಡಿಯುತ್ತಿದ್ದಳು. "ಎದೆಮಟ್ಟದ ನೀರಲ್ಲಿ ದಿನಾ ನಡೆಸಿ ಸಾರ್, ಮಾತ್ರೆಗಿಂತ ಅದು ವಾಸಿ" ಎಂದಿದ್ದರು ಡಾಕ್ಟರು.

ನೀರು ತುಂಬಿಸಿದ್ದಾಯಿತು. ಬಿಸಿಲಿಗೆ ಕೊಳ ಹಸಿರಾಯಿತು. ಕಪ್ಪೆಗಳು ಸಂಸಾರಸಮೇತ ಗೃಹಪ್ರವೇಶ ಮಾಡಿದವು.

"ಈ ಪಾಚಿಗೆ ನಾನು ಕಾಲಿಡಲ್ಲ ಕಣ್ರೀ. ತಳ ಕಾಣ್ಬೇಕು, ಆಮೇಲೆ ಇಳೀತೀನಿ" ಎಂದಳು ಕೃಷ್ಣಮ್ಮ.

"ನಿನ್ನ ಗಂಡ ಯಾರು ಅಂತ ಗೊತ್ತಾ?"

"ಮದುವೆಯಾಗಿ ಇಷ್ಟು ವರ್ಷಕ್ಕೆ ಇದೊಂದು ಪ್ರಶ್ನೆ."

"ಫ್ಯಾಕ್ಟರಿ ಜಲಶುದ್ಧಿ ವಿಭಾಗದ ಮುಖ್ಯಸ್ಥ." (ಆ ವಿಭಾಗದಲ್ಲಿರುವುದು ನಾನೊಬ್ಬನೇ. ಆದರೂ ಮುಖ್ಯಸ್ಥ ಮುಖ್ಯಸ್ಥನೇ.) "ಕ್ಲೋರಿನ್ ಹಾಕ್ತೀನಿ. ನಿನ್ನ ಮುಖ ನೀರಲ್ಲೇ ನೋಡ್ಕೊಂಡು ಕುಂಕುಮ ಇಟ್ಕೊಬಹುದು, ಹಾಗೆ ಮಾಡ್ತೀನಿ."

ಬ್ಲೀಚಿಂಗ್ ಪೌಡರ್ ತಂದು, ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಶಾಸ್ತ್ರೋಕ್ತವಾಗಿ ಕೊಳಕ್ಕೆ ಸುರಿದೆ. ಅಂದಿನಿಂದ ಪ್ರತಿ ಬೆಳಿಗ್ಗೆ, ಫ್ಯಾಕ್ಟರಿ ಬಸ್ಸು ಬರುವ ಮುನ್ನ, ಮೆಟ್ಟಿಲ ಬಳಿ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಪರೀಕ್ಷಾ ದ್ರಾವಣದ ಹನಿ ಬಿಡುತ್ತಿದ್ದೆ. ನೀರು ಹಳದಿಯಾದರೆ ಕ್ಲೋರಿನ್ ಇದೆಯೆಂದು ಅರ್ಥ, ಹೊಸದಾಗಿ ಹಾಕಬೇಕಾಗಿಲ್ಲ. ನಮ್ಮದು ದಿನವೂ ಹಳದಿ. ಹನಿ ಬೀಳುವ ಮೊದಲೇ ಹಳದಿಯಾಗಿತ್ತೇ ಎಂದು ನಾನು ನೋಡಲಿಲ್ಲ. ಫಲಿತಾಂಶ ತನ್ನ ಕಡೆಗಿರುವಾಗ ಯಾವ ವಿಜ್ಞಾನಿ ವಿಚಾರಣೆಗೆ ಹೊರಡುತ್ತಾನೆ?

"ಕ್ಲೋರಿನ್ ಕಂಬದ ಹಾಗೆ ನಿಂತಿದೆ, ನೋಡು" ಎಂದು ಕೊಳವೆಯನ್ನು ಕೃಷ್ಣಮ್ಮನ ಮೂಗಿಗೆ ಹಿಡಿಯುತ್ತಿದ್ದೆ.

"ಅದರ ಮೇಲೆ ಕಪ್ಪೆನೂ ನಿಂತೈತೆ, ನೋಡಿ" ಎನ್ನುತ್ತಿದ್ದಳು ಅವಳು.

ಪಾಚಿ ದಪ್ಪವಾಯಿತು. ಅವಳು ಚೌಕಟ್ಟಿನ ಜೊತೆಗೆ ಗೋಡೆಯನ್ನೂ ಹಿಡಿಯತೊಡಗಿದಳು. ನಾನು ತಪ್ಪನ್ನು ಪೌಡರ್ ಮಾರಿದವನ ಮೇಲೆ ಹಾಕಿದೆ.

ಒಂದು ಭಾನುವಾರ ಬೇಗ ಎಚ್ಚರವಾಗಿ ಹಿತ್ತಲಿಗೆ ಹೋದರೆ, ಕೃಷ್ಣಮ್ಮ ಕೊಳದ ಮೆಟ್ಟಿಲಲ್ಲಿ ಅಡ್ಡಡ್ಡಲಾಗಿ, ಒಂದೊಂದೇ ಕಾಲಿಟ್ಟು ಇಳಿಯುತ್ತಿದ್ದಾಳೆ. ನೀರಿನಂಚಿಗೆ ಬಂದು, ಸೆರಗಿನಿಂದ ಬಟ್ಟಲು ತೆಗೆದು, ನಾನು ದಿನವೂ ಕೊಳವೆ ಅದ್ದುವ ಜಾಗಕ್ಕೇ ಹಿಡಿ ತುಂಬ ಅರಿಶಿನ ಬಿಟ್ಟು ಕೈಮುಗಿದಳು.

"ಏನಿದು?"

"ಗಂಗಮ್ಮಂಗೆ ಅರಿಶಿನ."

"ದಿನಾ ಹಾಕ್ತೀಯಾ?"

"ಹೂಂ. ನೀವು ಏಳೋಕೆ ಮುಂಚೆ."

"ಮಂಡಿ ನೋವು ಹೋಗ್ಲಿ ಅಂತಾನಾ?"

"ನನ್ನ ಮಂಡಿ ವಿಷ್ಯಕ್ಕೆ ಅವಳನ್ಯಾಕೆ ಕಾಡಲಿ? ಬೀದಿಯೋರೆಲ್ಲ ನಿಮ್ಮ ಕೊಳ ನೋಡಿ ನಗ್ತಾವ್ರೆ. ಹೆಂಗಾದ್ರೂ ನೀರು ತಿಳಿ ಮಾಡವ್ವ, ನಮ್ಮ ಯಜಮಾನ್ರ ಮಾತು ಉಳಿಸು ಅಂತ ಬೇಡ್ಕೊತಿದ್ದೆ."

ರಸಾಯನಶಾಸ್ತ್ರದ ಉಪನ್ಯಾಸವನ್ನು ಮುಂದೂಡಿದೆ. ಅವಳ ಕೈಹಿಡಿದು ಮೇಲೆ ಹತ್ತಿಸಿದೆ. ಅವಳು ಅಡುಗೆಮನೆಗೆ ಹೋದ ಮೇಲೆ ಎದುರು ಮೂಲೆಯ ನೀರನ್ನು ಪರೀಕ್ಷಿಸಿದೆ. ಹನಿ ಬಿತ್ತು, ಹಳದಿಯ ಸುಳಿವೇ ಇಲ್ಲ. ಬಿಸಿಲಿನ ಕಾಟಕ್ಕೆ ಕ್ಲೋರಿನ್ ಯಾವತ್ತೋ ರಾಜೀನಾಮೆ ಕೊಟ್ಟು ಹೋಗಿತ್ತು.

ಕಪ್ಪೆಗಳನ್ನು ಹಿಡಿದು ಕೆರೆಗೆ ಸಾಗಿಸಿ, ಗೋಡೆಯ ಪಾಚಿ ಉಜ್ಜಿ, ಬಿಸಿಲು ಇಳಿದ ಮೇಲೆ ಲೆಕ್ಕಕ್ಕೆ ಸರಿಯಾಗಿ ಕ್ಲೋರಿನ್ ಹಾಕತೊಡಗಿದೆ. ಪರೀಕ್ಷೆ ಎದುರು ಮೂಲೆಯಲ್ಲಿ, ಅರಿಶಿನ ಅದರ ಜಾಗದಲ್ಲಿ. ಇಬ್ಬರ ಕೆಲಸವೂ ನಡೆಯಿತು. ಮುಂದಿನ ಭಾನುವಾರದ ಹೊತ್ತಿಗೆ ನೀಲಿ ತಳ ಕಾಣಿಸಿತು.

"ನೋಡಿದ್ರಾ? ಗಂಗಮ್ಮ ಕೈ ಬಿಡಲಿಲ್ಲ" ಎಂದಳು ಕೃಷ್ಣಮ್ಮ.

ಜಲಶುದ್ಧಿ ವಿಭಾಗದ ಮುಖ್ಯಸ್ಥ ಆ ಹೆಗ್ಗಳಿಕೆಯನ್ನು ಗಂಗಮ್ಮನಿಗೇ ಬಿಟ್ಟುಕೊಟ್ಟ. "ಸರಿ, ಇಳಿ" ಎಂದೆ.

"ಒಬ್ಳೇ ಇಳಿಯಲ್ಲಪ್ಪ. ನೀವೂ ಬನ್ನಿ."

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ನೀರನ್ನು ಶುದ್ಧಿ ಮಾಡುವುದು ನನ್ನ ಕಸುಬು, ಅದರೊಳಗೆ ಇಳಿಯುವುದಲ್ಲ. ಮಂಡಿ ದಾಟಿದ ನೀರು ಕಂಡರೆ ನನಗೆ ಕುಲದೇವರು ನೆನಪಾಗುತ್ತಾರೆ. ಆದರೆ ಅವಳು ಹಳೆ ಸೀರೆಯ ಕಚ್ಚೆ ಕಟ್ಟಿ, ಒಂದು ಕಾಲು ನೀರಲ್ಲಿಟ್ಟು ಕೈಚಾಚಿ ನಿಂತಿದ್ದಳು. ಇಳಿದೆ. ಎದೆಗೆ ನೀರು ಬಂತು. ಅವಳ ತೋಳನ್ನು ಎರಡೂ ಕೈಯಿಂದ ಅಪ್ಪಿಕೊಂಡೆ. ಅವಳು ಮೊದಲು ಅಳುಕಿದಳು, ಆಮೇಲೆ ಹಗುರವಾಗಿ ಹೆಜ್ಜೆ ಹಾಕಿದಳು. ಹಿಡಿದುಕೊಳ್ಳಲು ಗೋಡೆಯನ್ನು ಹುಡುಕಲಿಲ್ಲ. ನಾನು ಕಣ್ಣುಮುಚ್ಚಿ ಅವಳು ಎಳೆದ ಕಡೆಗೆ ನಡೆದೆ.

ಪಕ್ಕದ ಮನೆಯ ಮುನಿಯಕ್ಕ ಕಾಂಪೌಂಡಿನ ಮೇಲಿಂದ ಇಣುಕಿದಳು.

"ಅಯ್ಯೋ, ಕೃಷ್ಣಮ್ಮ, ಮಂಡಿ ನೋವು ಯಜಮಾನ್ರಿಗಾ? ನಿನಗೆ ಅಂದ್ಕೊಂಡಿದ್ದೆ ಕಣೆ. ಮಗೀನಂಗೆ ನಡಿಸ್ತಾ ಇದ್ದೀಯಲ್ಲ."

ನಾನು ಕಣ್ಣು ತೆರೆದೆ. ನೋವು ನನಗಲ್ಲ ಎಂದು ತೋರಿಸಬೇಕಾದರೆ ಅವಳ ತೋಳು ಬಿಟ್ಟು ನಿಲ್ಲಬೇಕಿತ್ತು. ಬಿಡಲಿಲ್ಲ.

"ಹೂಂ ಕಣಕ್ಕ, ಅವರಿಗೇ," ಎಂದಳು ನನ್ನ ಹೆಂಡತಿ, ನನ್ನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು. "ಡಾಕ್ಟ್ರು ದಿನಾ ನಡಿಸು ಅಂದವ್ರೆ."