ಟಿವಿಯೊಳಗಿನ ಹೊಲ ಮತ್ತು ಎಡಕ್ಕೆ ಎಳೆಯುವ ಟ್ರಾಕ್ಟರು

ನೇಗಿಲು ಹಿಡಿ ಅಂದಾಗ ಹಿಡಿಯದ ಗಂಡಸು ಹೊಲ ಮಾರಿದ ಮೇಲೆ ತಪ್ಪದೆ ರೈತನಾಗುತ್ತಾನೆ. ನಮ್ಮ ಕಡೆ ಇಂಥವರು ಬಹಳ. ಗಂಗಾನಗರದಲ್ಲಿ ಮೂರಂತಸ್ತಿನ ಮನೆ ಕಟ್ಟಿ, ಕೆಳಗೆ ಬಾಡಿಗೆಗೆ ಬಿಟ್ಟು, ಮೇಲೆ ಕೂತು 'ಮಣ್ಣಿನ ವಾಸನೆನೇ ಬೇರೆ' ಅನ್ನುತ್ತಾರೆ. ನನ್ನ ಮಗ ಚಂದ್ರು ಅವರಲ್ಲೊಬ್ಬ. ನಾನು ಕೂತು ಅವರೆಕಾಯಿ ಬಿಡಿಸುತ್ತಿದ್ದ ಜಾಗದಲ್ಲಿ ಈಗ ಹೆಬ್ಬಾಳದ ಮೇಲ್ಸೇತುವೆಯ ಕಂಬ ನಿಂತಿದೆ. ಅದಕ್ಕೆ ನನಗೇನೂ ದುಃಖವಿಲ್ಲ. ಬಿಸಿಲಿನಲ್ಲಿ ಬಗ್ಗಿ ಕಳೆ ಕಿತ್ತವಳಿಗೆ ಕಂಬ ಕಂಡರೆ ಸಮಾಧಾನವೇ ಆಗುತ್ತದೆ, ಕಂಬಕ್ಕೆ ಕಳೆ ಕೀಳಬೇಕಾಗಿಲ್ಲವಲ್ಲ. ಆ ಹೊಲದ ಕಡೆ ಒಂದು ದಿನವೂ ತಲೆ ಹಾಕದಿದ್ದ ಚಂದ್ರು ಮಾತ್ರ ಐವತ್ತು ದಾಟಿದ ಮೇಲೆ ಟಿವಿಗೆ ಒಂದು ಪೆಟ್ಟಿಗೆ ಸಿಕ್ಕಿಸಿ ಬೇಸಾಯ ಶುರು ಮಾಡಿದ.

ಆಟ ಅನ್ನಬಾರದಂತೆ, ಕೃಷಿ ಅನ್ನಬೇಕಂತೆ. ಟಿವಿಯೊಳಗೆ ಹೊಲ, ಟ್ರಾಕ್ಟರು, ಬೀಜ, ಗೊಬ್ಬರ ಎಲ್ಲ ಇದೆ, ಸಗಣಿಯೊಂದಿಲ್ಲ. ಇವನು ಸೋಫಾದ ಮೇಲೆ ಕಾಲು ಚಾಚಿ ಕೈಯಲ್ಲೊಂದು ಕಂಟ್ರೋಲರ್ ಹಿಡಿದಿರುತ್ತಾನೆ. ಅದರ ಮೇಲೆ ಅಣಬೆಯಂತೆ ಎರಡು ಪುಟ್ಟ ಕಡ್ಡಿ ಎದ್ದಿವೆ. ಕಡ್ಡಿಯನ್ನು ಯಾವ ಕಡೆ ತಳ್ಳಿದರೆ ಟ್ರಾಕ್ಟರು ಆ ಕಡೆ ತಿರುಗುತ್ತದೆ. ಪಕ್ಕದ ಹೊಲ ಇವನ ಭಾಮೈದ ರಮೇಶನದು. ನನ್ನ ಸೊಸೆ ಗಿರಿಜಾಳ ತಮ್ಮ. ಅವನು ಆರ್.ಟಿ. ನಗರದ ತನ್ನ ಮನೆಯಲ್ಲಿ ಕೂತು ಉಳುತ್ತಾನೆ, ಇವನು ಇಲ್ಲಿ ಕೂತು ಉಳುತ್ತಾನೆ, ನಡುವೆ ಒಂದು ಬದು. ಮಳೆಗಾಲದಲ್ಲಿ ಮಹಡಿಯ ಮೇಲೆ ಒಣಹಾಕಿದ ಬಟ್ಟೆ ತೆಗೆಯಲು ಕರೆದರೆ, 'ಇರವ್ವ, ಬಿತ್ತನೆ ಟೈಮು' ಅನ್ನುತ್ತಾನೆ.

ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನೀರಿನ ಮೋಟರು, ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಟ್ಟೆ. ಈ ಕಂಟ್ರೋಲರ್ ಹಿಡಿದು, ಇದಕ್ಕೆ ಬೇಕೇನೋ ಎಂದು ಮಗನನ್ನು ಕೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ, 'ಬೇಡ್ವಾ ಮತ್ತೆ? ಅದೇ ನನ್ನ ನೇಗಿಲು' ಎಂದ. ಸರಿ, ನೇಗಿಲಿಗೆ ಮಾಡುವ ಮರ್ಯಾದೆಯನ್ನೇ ಮಾಡಿದೆ. ಎರಡು ಅಣಬೆಗೂ ಧಾರಾಳವಾಗಿ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಊದಿನಕಡ್ಡಿ ಬೆಳಗಿದೆ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಟ್ರಾಕ್ಟರು ಎಡಕ್ಕೆ ಎಳೆಯತೊಡಗಿತು. ಚಂದ್ರು ಕೈ ಬಿಟ್ಟು ಕೂತರೂ ಅದು ತನ್ನಷ್ಟಕ್ಕೆ ಎಡಕ್ಕೆ ಹೋಗುತ್ತಿತ್ತು, ಕುಡಿದ ಎತ್ತಿನ ಹಾಗೆ. ಇದಕ್ಕೆ ಡ್ರಿಫ್ಟ್ ಅನ್ನುತ್ತಾರಂತೆ. ಎಡಕ್ಕಿದ್ದದ್ದು ರಮೇಶನ ಹೊಲ. ಕೊಯ್ಲಿಗೆ ಬಂದಿದ್ದ ಗೋಧಿಯ ಮೇಲೆ ಇವನ ಟ್ರಾಕ್ಟರು ಒಂದು ಸಲ ನುಗ್ಗಿತು, ಸರಿಪಡಿಸಲು ಹಿಂದೆ ತೆಗೆಯುವಾಗ ಇನ್ನೊಂದು ಸಲ ನುಗ್ಗಿತು. ರಮೇಶ ಫೋನ್ ಮಾಡಿದ. ಅದು ತಾನಾಗೇ ಹೋಗುತ್ತೆ ಎಂದು ಇವನು ಹೇಳಿದ್ದಕ್ಕೆ ಅವನು ಏನೆಂದನೋ, ಇವನ ಮುಖ ಕೆಂಪಾಯಿತು. ಬದುವಿನ ಜಗಳ ನಾನು ಕಾಣದ್ದಲ್ಲ. ನನ್ನ ಗಂಡನೂ ಅವನ ದಾಯಾದಿಯೂ ಒಂದು ಗೇಣು ಬದುವಿಗೆ ಸಾಯುವ ತನಕ ಮಾತು ಬಿಟ್ಟಿದ್ದರು. ಆದರೆ ಅಲ್ಲಿ ಗೇಣು ಬದುವಾದರೂ ಇತ್ತು. ಇವರ ಹೊಲ ಕರೆಂಟು ಹೋದರೆ ಇರುವುದಿಲ್ಲ.

ನಗುವ ಹಾಗಿರಲಿಲ್ಲ. ರಮೇಶ ಯಲಹಂಕದಲ್ಲಿ ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶ ಹತ್ತಿರ ಬಂದಿತ್ತು. ಒಡಹುಟ್ಟಿದ ಅಕ್ಕನಿಗೆ ಗಂಡ ಹೆಂಡತಿ ಬಂದು ಕುಂಕುಮ ಇಟ್ಟು ಕರೆಯಬೇಕು, ಹಾಲುಕ್ಕಿಸುವುದಕ್ಕೆ ಅವಳೇ ನಿಲ್ಲಬೇಕು. ಬಂದದ್ದು ಫೋನಿಗೆ ಒಂದು ಗಣಪತಿಯ ಚಿತ್ರ, ಕೆಳಗೆ 'ಎಲ್ಲರೂ ಬನ್ನಿ'. ಕೇಬಲ್ಲಿನವನಿಗೂ ಅದೇ ಚಿತ್ರ ಹೋಗಿತ್ತಂತೆ. ಗಿರಿಜಾ ಅಳಲಿಲ್ಲ, ಅವಳು ಅಳುವ ಹೆಣ್ಣಲ್ಲ. ಹೀರೇಕಾಯಿ ಸಿಪ್ಪೆ ಹೆರೆಯುತ್ತಾ, 'ನಾನು ಹೋಗಲ್ಲ ಅತ್ತೆ. ಗೋಧಿ ಕೇಳಿದ್ರೆ ಎಲ್ಲಿಂದ ಕೊಡ್ಲಿ?' ಎಂದಳು. ಸಿಪ್ಪೆಯ ಜೊತೆ ಕಾಯಿಯೂ ಅರ್ಧ ಹೋಗಿತ್ತು.

ಚಂದ್ರು ಭಾಮೈದನ ಮನೆಗೆ ಹೋಗಿ ಎರಡು ಮಾತಾಡಿ ಬರಬಹುದಿತ್ತು. ಆಟೋದಲ್ಲಿ ಕಾಲು ಗಂಟೆಯ ದಾರಿ. ಅವನು ಬದಲಿಗೆ ಹೊಸ ಕಂಟ್ರೋಲರ್ ಹುಡುಕಲು ಕೂತ. ನೆಟ್ಟಗೆ ಉತ್ತು ತೋರಿಸಿದರೆ ಭಾಮೈದನ ಬಾಯಿ ಮುಚ್ಚುತ್ತದಂತೆ. ಗಿರಿಜಾಳನ್ನು ಒಂದೇ ಸಲ ನೋಡಿ, ಉಪ್ಪಿಟ್ಟು ಮುಗಿಯುವ ಮೊದಲೇ ಒಪ್ಪಿದವನು ಇದಕ್ಕೆ ವಾರಗಟ್ಟಲೆ ತೆಗೆದುಕೊಂಡ. ಕಂಪನಿಯದು ದುಬಾರಿ, ಅಗ್ಗದ್ದು ಬಾಳುವುದಿಲ್ಲ. ಫೋನಿನಲ್ಲಿ ಯಾವನೋ ಗಡ್ಡದವನು ಡಬ್ಬ ಬಿಚ್ಚುವುದನ್ನು ನೋಡುತ್ತಿದ್ದ. ಅದನ್ನು ಬಿಚ್ಚಿ ಮುಗಿಸಿದ ಮೇಲೆ ಆ ಗಡ್ಡದವನು ಇನ್ನೊಂದು ಡಬ್ಬ ಬಿಚ್ಚುತ್ತಿದ್ದ. ಕೊಂಡವರು ಬರೆದದ್ದನ್ನು ಇವನು ಜೋರಾಗಿ ಓದುತ್ತಿದ್ದ. ಒಬ್ಬ 'ಚೆನ್ನಾಗಿದೆ, ಇನ್ನೂ ಬಳಸಿಲ್ಲ' ಎಂದು ಐದು ನಕ್ಷತ್ರ ಕೊಟ್ಟಿದ್ದ. ಇನ್ನೊಬ್ಬ ಡಬ್ಬ ತಂದವನು ಬೆಲ್ ಮಾಡಲಿಲ್ಲವೆಂದು ಒಂದೇ ನಕ್ಷತ್ರ ಕೊಟ್ಟಿದ್ದ. ಇಂಥವರನ್ನು ನಂಬಿ ನಾನು ಬೆಂಡೆಕಾಯಿಯನ್ನೂ ಕೊಳ್ಳುವವಳಲ್ಲ. ತುದಿ ಮುರಿದು ನೋಡುತ್ತೇನೆ. ಕೊನೆಗೆ ಅಯಸ್ಕಾಂತದ ಕಡ್ಡಿಯಿರುವ ಒಂದು ಜಾತಿ ಸಿಕ್ಕಿತು. ಅದರೊಳಗೆ ಒಂದಕ್ಕೊಂದು ಉಜ್ಜುವುದೇ ಇಲ್ಲ, ಅದಕ್ಕೇ ಸವೆಯುವುದಿಲ್ಲವಂತೆ, ಬೆಲೆಯೂ ಪರವಾಗಿಲ್ಲವಂತೆ. ನನಗೆ ಅರ್ಥವಾಯಿತು. ದುಬೈಯಲ್ಲಿ ಗಂಡನಿರುವ ಸಂಸಾರ.

ಅದು ಬರುವ ಮೊದಲೇ ಗಿರಿಜಾಳ ತಾಳ್ಮೆ ಮುಗಿಯಿತು. ಹಳೆಯದನ್ನು ಬಿಳಿ ಟವೆಲ್ ಮೇಲೆ ಇಟ್ಟು ಪುಟ್ಟ ಸ್ಕ್ರೂಡ್ರೈವರಿನಿಂದ ಬಿಚ್ಚಿದಳು. ಅಣಬೆಯ ಬುಡದಿಂದ ಕೆಂಪು ಪುಡಿ ಉದುರಿತು. ಆಮೇಲೆ ಒಂದು ಸೇವಂತಿಗೆ ಎಸಳು. ಮಗ, ಸೊಸೆ ಇಬ್ಬರೂ ನನ್ನ ಕಡೆ ತಿರುಗಿದರು.

'ನನ್ನನ್ನೇನು ನೋಡ್ತೀರಿ? ನೇಗಿಲು ಅಂದೋನು ಅವ್ನು' ಎಂದೆ.

ಗಿರಿಜಾ ಟವೆಲಿನ ಫೋಟೋ ತೆಗೆದು ತಮ್ಮನಿಗೆ ಕಳಿಸಿದಳು. ಸಂಜೆಯೇ ರಮೇಶ ಹೆಂಡತಿಯ ಜೊತೆ ಬಂದ. ಕೈಯಲ್ಲಿ ಕರೆಯೋಲೆ, ಕುಂಕುಮದ ಭರಣಿ. ನನ್ನ ಕಾಲಿಗೆ ಬಿದ್ದು ಎದ್ದವನು, 'ಭಾವ ಬೇಕೂಂತ್ಲೇ ನುಗ್ಸಿದ್ರು ಅಂದ್ಕೊಂಡಿದ್ದೆ ಅತ್ತೆ. ನುಗ್ಸಿದ್ದು ನೀವಾ?' ಎಂದ.

'ನಾನಲ್ಲ ಕಣೋ, ದೇವ್ರು. ಆ ಗೋಧೀಲಿ ಒಂದು ಚಪಾತಿ ಮಾಡ್ಕೊಂಡು ಬಾ, ನಷ್ಟ ಕಟ್ಕೊಡ್ತೀನಿ' ಎಂದೆ.

ರಮೇಶನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳಿಗೂ ಮನೆಯಲ್ಲೊಬ್ಬ ರೈತನಿದ್ದಾನಲ್ಲ. ಗಿರಿಜಾ ಹಣೆಗೆ ಕುಂಕುಮ ಇಡಿಸಿಕೊಂಡಳು. ಆ ಭರಣಿ ಅವರ ಚೀಲದೊಳಗೆ ಹೋಗುವ ತನಕ ಚಂದ್ರು ಕಂಟ್ರೋಲರನ್ನು ಬಗಲಲ್ಲಿ ಅವುಚಿಕೊಂಡೇ ಕೂತಿದ್ದ.

ಒರೆಸಿ ಮುಚ್ಚಿದ ಮೇಲೂ ಅದರ ಎಳೆತ ಪೂರ್ತಿ ಹೋಗಿರಲಿಲ್ಲ. ರಮೇಶ ಟಿವಿಯಲ್ಲಿ ಏನೋ ಒತ್ತಿ ಸರಿ ಮಾಡಿದ. ಡೆಡ್ ಜೋನ್ ಅಂತೆ. ಕಡ್ಡಿ ಸಣ್ಣದಾಗಿ ಅಲುಗಿದರೆ ಲೆಕ್ಕಕ್ಕೆ ತಗೋಬೇಡ, ಜೋರಾಗಿ ತಳ್ಳಿದರೆ ಮಾತ್ರ ಕೇಳು ಎಂದು ಯಂತ್ರಕ್ಕೆ ಹೇಳಿಡುವುದು. ಹೇಳಿಟ್ಟ ಮೇಲೆ ಟ್ರಾಕ್ಟರು ನೆಟ್ಟಗೆ ಹೋಯಿತು. ಭಾವ ಭಾಮೈದ ಇಬ್ಬರೂ ಭೂಮಿ ಗೆದ್ದವರಂತೆ ಕೂತರು.

ಗಿರಿಜಾ ಕಾಫಿ ತಂದುಕೊಟ್ಟಳು. ಸಕ್ಕರೆ ಕಡಿಮೆಯಾಗಿದೆ ಎಂದೆ. ಯಾರೂ ಅಲುಗಲಿಲ್ಲ. ಗೃಹಪ್ರವೇಶಕ್ಕೆ ನನಗೊಂದು ನೂಲಿನ ಸೀರೆ ಬೇಕು ಎಂದೆ. ಟ್ರಾಕ್ಟರು ನೆಟ್ಟಗೇ ಹೋಗುತ್ತಿತ್ತು. ಈ ಮನೆಯಲ್ಲಿ ಈ ವಿದ್ಯೆ ರಮೇಶ ಇವತ್ತು ತಂದದ್ದಲ್ಲ, ನನ್ನ ಮಾತಿನ ವಿಷಯದಲ್ಲಿ ಯಾವ ಕಾಲದಲ್ಲೋ ಹೇಳಿಟ್ಟಾಗಿದೆ ಎಂದು ಆಗ ತಿಳಿಯಿತು. ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿ, ಕೆಳಗಿನ ಬಾಡಿಗೆಯವರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.

ಸಕ್ಕರೆ ಬಂತು. ಸೀರೆಗೆ ನಾಳೆ ಇನ್ನೂ ಜೋರಾಗಿ ತಳ್ಳಬೇಕು.